ಉಪ್ಪಾಗೆಯ ನಾಡಿನಲ್ಲಿ ಹಸಿವಿನ ಕರೆ

ಹಸಿವಿಗೂ ಒಂದು ಚರಿತ್ರೆಯಿದೆ. ಅರಸರ ವಂಶಾವಳಿಯನ್ನೂ ಯುದ್ಧಗಳ ತೇದಿಗಳನ್ನೂ ಬರೆದಿಟ್ಟಷ್ಟು ಶ್ರದ್ಧೆಯಿಂದ ಅದನ್ನು ಯಾರೂ ಬರೆದಿಡಲಿಲ್ಲ. ಬರಗಾಲದ ಹಸಿವು ಸರಕಾರಿ ದಫ್ತರಗಳಲ್ಲಿ ದಾಖಲಾಯಿತು. ದಿನವೂ ಹೊತ್ತುಹೊತ್ತಿಗೆ ಬಂದು, ಉಂಡೊಡನೆ ಹೊರಟುಹೋಗುವ ಸಾಮಾನ್ಯ ಹಸಿವು ಮಾತ್ರ ಯಾವ ದಫ್ತರಕ್ಕೂ ಸಿಕ್ಕಲಿಲ್ಲ. ಅದು ಉಳಿದುಕೊಂಡದ್ದು ಜನರ ಮಾತಿನಲ್ಲಿ. ಹೊಟ್ಟೆ ಚುರುಗುಟ್ಟುವುದು, ಹೊಟ್ಟೆ ತಾಳ ಹಾಕುವುದು, ಕೈಕಾಲು ಸೋಲುವುದು, ಕಣ್ಣು ಕತ್ತಲೆಗಟ್ಟುವುದು: ಇವೆಲ್ಲ ಒಂದೇ ಸಂಗತಿಯ ಬೇರೆ ಬೇರೆ ಮೆಟ್ಟಿಲುಗಳು. ಬಾಯಿಚಪಲವೆಂಬ ಮಾತನ್ನು ಹಸಿವೆಂಬ ಮಾತಿನಿಂದ ಬೇರೆಯಾಗಿ ಇಟ್ಟುಕೊಂಡ ಜನರು, ದೇಹ ಬೇಡುವುದಕ್ಕೂ ನಾಲಗೆ ಬೇಡುವುದಕ್ಕೂ ಇರುವ ಅಂತರವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಈ ಬಲ್ಮೆಗೆ ಈಗ ಹೊಸದೊಂದು ಪರೀಕ್ಷೆ ಒದಗಿದೆ. ಮೈತೂಕ ಇಳಿಸಲೆಂದು ಹಸಿವನ್ನೇ ತಗ್ಗಿಸುವ ಮದ್ದುಗಳು ಬಂದಿವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ೨೦೨೫ರ ಮಾರ್ಚ್ ತಿಂಗಳಿನಲ್ಲಿಯೂ, ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ಇಂಥ ಮದ್ದು ತೆಗೆದುಕೊಳ್ಳುವವರಿಗೆ ಹಸಿವೆಂಬುದೇ ಮರೆತುಹೋಗುವುದುಂಟು. ಮಧ್ಯಾಹ್ನದ ಊಟ ತಪ್ಪಿದ್ದು ಸಂಜೆಗೆ ನೆನಪಾಗುವುದುಂಟು. ಹಸಿವು ಕರೆಯದೆ ಇದ್ದಾಗ ಉಣ್ಣಬೇಕಾದ ಹೊತ್ತನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯಲ್ಲಿ ನಿಂತು ಕೇಳಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಹಸಿವನ್ನು ಅಡಗಿಸುವ ಮದ್ದೆಂದು ಹೊರದೇಶಗಳವರು ಕೊಂಡ ಒಂದು ಸರಕು ಇಲ್ಲಿಯ ಕಾಡುಗಳಿಂದ ಹೋಯಿತು. ಹಸಿವಿನ ಕರೆಯನ್ನು ಹೊಟ್ಟೆಯೊಂದರಿಂದಲೇ ಕೇಳದೆ ಬೇರೆ ಬಗೆಗಳಿಂದಲೂ ತಿಳಿಯುವ ರೂಢಿಗಳು ಇಲ್ಲಿ ಬಹುಕಾಲದಿಂದ ಬೆಳೆದುಬಂದಿವೆ.

ಮೊದಲು ಆ ಸರಕಿನ ವಿಷಯ. ಸಹ್ಯಾದ್ರಿಯ ನಿತ್ಯಹಸುರಿನ ಕಾಡಿನಲ್ಲಿ ಉಪ್ಪಾಗೆಯೆಂಬ ಮರವಿದೆ. ಅದು ಮುರುಗಲಿನ ದಾಯಾದಿ. ಮುರುಗಲ ಹಣ್ಣು ಕಡುಗೆಂಪು. ಉಪ್ಪಾಗೆಯ ಹಣ್ಣು ಹಳದಿ, ಮೈಮೇಲೆ ಸಿಹಿಗುಂಬಳದ ಹಾಗೆ ಏಣುಗಳು. ಕೊಡಗಿನವರು ಇದರ ರಸವನ್ನು ಕುದಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದಲ್ಲಿ ಇದು ಕುಡಂಪುಳಿ. ಡಚ್ಚರ ಮಲಬಾರಿನ ಅಧಿಕಾರಿ ವಾನ್ ರೀಡ್ ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ 'ಹೊರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥದ ಮೊದಲ ಸಂಪುಟದಲ್ಲಿಯೇ ಮಲಯಾಳದ ಹೆಸರಿನಿಂದ ಈ ಮರದ ಚಿತ್ರ ಬಂದಿದೆ.

ಇಲ್ಲಿಯ ಜನರಿಗೆ ಉಪ್ಪಾಗೆ ಊಟಕ್ಕೆ ರುಚಿ ಹುಟ್ಟಿಸುವ ಹುಳಿ. ಅದರ ಸಿಪ್ಪೆಯನ್ನು ಒಣಗಿಸಿಟ್ಟು ಸಾರಿಗೆ ಹಾಕುವರು. ಬೀಜದಿಂದ ಗಟ್ಟಿಯಾದ ತುಪ್ಪವನ್ನು ತೆಗೆಯುವರು. ಹುಳಿಯು ಅನ್ನದಲ್ಲಿ ರುಚಿಯನ್ನು ಹುಟ್ಟಿಸಿ ಅಗ್ನಿಯನ್ನು ಹೆಚ್ಚಿಸುತ್ತದೆಯೆಂಬುದು ಆಯುರ್ವೇದದ ಮತವೂ ಹೌದು. ಹಸಿವನ್ನು ಕೊಲ್ಲಲು ಉಪ್ಪಾಗೆ ತಿನ್ನಬೇಕೆಂದು ಈ ನಾಡಿನ ಅಜ್ಜಿಯೊಬ್ಬಳಿಗೆ ಹೇಳಿದ್ದರೆ ಆಕೆ ನಕ್ಕುಬಿಡುತ್ತಿದ್ದಳು.

ಈ ಹಣ್ಣು ಮಾಗುವ ಕಾಲವನ್ನೂ ಗಮನಿಸಬೇಕು. ಜೂನಿನಿಂದ ಆಗಸ್ಟಿನ ವರೆಗೆ, ಮಳೆ ಬಿಡದೆ ಹೊಡೆಯುವ ದಿನಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಕರಾವಳಿಯ ಬಡವರಿಗೆ ಅದೇ ಕೈ ಬರಿದಾಗುವ ಕಾಲ. ಕಡಲು ಕೆರಳಿರುವುದರಿಂದ ದೋಣಿಗಳು ದಡದಲ್ಲಿರುತ್ತವೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗದ ಭತ್ತವನ್ನು ಆಗಷ್ಟೇ ಬಿತ್ತಿರುತ್ತಾರೆ. ಅದು ಕೈಗೆ ಬರುವುದು ಮಳೆ ಕಳೆದ ಮೇಲೆ. ಒಣಮೀನು, ಹಲಸಿನ ಬೀಜ, ಉಪ್ಪಿನಕಾಯಿ, ಗಂಜಿ, ಇವುಗಳಿಂದ ದಿನ ನೂಕುವ ಆ ತಿಂಗಳುಗಳಲ್ಲಿ ಕಾಡಂಚಿನ ಮನೆಗಳವರಿಗೆ ಉಪ್ಪಾಗೆಯ ಸಿಪ್ಪೆ ನಾಲ್ಕು ಕಾಸು ತರುವ ವಸ್ತುವಾಗಿತ್ತು.

ಆ ಸಿಪ್ಪೆಯ ಭಾಗ್ಯವನ್ನು ಬದಲಿಸಿದ ಸಂಶೋಧನೆ ನಮ್ಮ ರಾಜ್ಯದಲ್ಲಿಯೇ ನಡೆಯಿತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು, ಈ ಹಣ್ಣಿನ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ೧೯೬೫ರಲ್ಲಿ ತೋರಿಸಿಕೊಟ್ಟರು. ಅವರದು ಶುದ್ಧ ರಸಾಯನಶಾಸ್ತ್ರದ ಕುತೂಹಲ. ನಾಲ್ಕು ವರ್ಷಗಳ ಮೇಲೆ, ೧೯೬೯ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು, ದೇಹವು ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವ ದಾರಿಯಲ್ಲಿ ಬರುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಯೆಂದು ಕಂಡುಕೊಂಡರು. ಎಪ್ಪತ್ತರ ದಶಕದಲ್ಲಿ ಔಷಧ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಇದನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಇಲಿಗಳು ಕಡಿಮೆ ತಿಂದವು. ಅವುಗಳ ಮೈಯಲ್ಲಿ ಕೊಬ್ಬೂ ಕಡಿಮೆಯಾಯಿತು.

ಇಲಿಯಿಂದ ಮನುಷ್ಯನಿಗೆ ದಾರಿ ದೂರ. ವ್ಯಾಪಾರಕ್ಕೆ ಅಷ್ಟು ತಾಳ್ಮೆಯಿಲ್ಲ. ೧೯೯೦ರ ದಶಕದಲ್ಲಿ 'ಗಾರ್ಸೀನಿಯಾ ಕಂಬೋಜಿಯಾ' ಎಂಬ ಸಸ್ಯಶಾಸ್ತ್ರದ ಹಳೆಯ ಹೆಸರನ್ನು ಹೊತ್ತ ಗುಳಿಗೆಗಳು ಅಮೆರಿಕದ ಅಂಗಡಿಗಳನ್ನು ತುಂಬಿದವು. ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಇತರರಿಗಿಂತ ಮೊದಲು ಕೀಳಬೇಕೆಂಬ ಆತುರದಲ್ಲಿ ಬಲಿಯದ ಕಾಯಿಗಳನ್ನು ಕೆಡವಿದರು, ಕೊಂಬೆಗಳನ್ನೇ ಕಡಿದರು. ಬಿಸಿಲಿಲ್ಲದ ಕಾಲದಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾದ್ದರಿಂದ ಸೌದೆಗಾಗಿ ಬೇರೆ ಮರಗಳೂ ಉರುಳಿದವು. ಈ ಹಣ್ಣನ್ನು ತಿಂದು ಬದುಕುವ ಸಿಂಗಳೀಕಗಳ ಪಾಲೂ ಕಡಿಮೆಯಾಯಿತು. ಅವುಗಳ ರಕ್ಷಣೆಗೆಂದು ೨೦೧೧ರಲ್ಲಿ ಅಘನಾಶಿನಿಯ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶವೊಂದು ಘೋಷಿತವಾಯಿತು. ಹಸಿದ ತಿಂಗಳುಗಳಲ್ಲಿ ಹಸಿದವರು ಮರ ಹತ್ತಿ ಕೊಯ್ದ ಹಣ್ಣು, ಹೊಟ್ಟೆ ತುಂಬಿದವರ ಹಸಿವನ್ನು ಅಡಗಿಸಲೆಂದು ಕಡಲು ದಾಟಿತು. ಆರ್ಥಿಕ ಚರಿತ್ರೆಯಲ್ಲಿ ಇಂಥ ವ್ಯಂಗ್ಯಗಳು ಬಹಳವಿಲ್ಲ.

ಆ ಗುಳಿಗೆಗಳು ಹೇಳಿದ ಕೆಲಸವನ್ನು ಮಾಡಿದವೇ? ೧೯೯೮ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪರೀಕ್ಷೆಯೊಂದು ಪ್ರಕಟವಾಯಿತು. ೧೩೫ ಜನ, ೧೨ ವಾರ. ಎಲ್ಲರಿಗೂ ಒಂದೇ ಬಗೆಯ ಪಥ್ಯ. ಒಂದು ಗುಂಪಿಗೆ ದಿನಕ್ಕೆ ೧೫೦೦ ಮಿಲಿಗ್ರಾಮಿನಷ್ಟು ಈ ಆಮ್ಲ, ಇನ್ನೊಂದಕ್ಕೆ ಹುಸಿಗುಳಿಗೆ. ಆಮ್ಲ ತೆಗೆದುಕೊಂಡವರು ಸರಾಸರಿ ೩.೨ ಕಿಲೋ, ಹುಸಿಗುಳಿಗೆ ನುಂಗಿದವರು ೪.೧ ಕಿಲೋ ಇಳಿದರು. ಮದ್ದಿನಿಂದ ವಿಶೇಷವೇನೂ ಆಗಲಿಲ್ಲವೆಂದೇ ಇದರ ಅರ್ಥ. ಮುಂದೆ ಈ ಸಾರವಿದ್ದ ಗುಳಿಗೆಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದುದೂ ವರದಿಯಾಯಿತು. ಸಾರಿಗೆ ಹಾಕುವ ಎರಡು ಎಸಳು ಸಿಪ್ಪೆಗೂ, ಭಟ್ಟಿಯಿಳಿಸಿದಂತೆ ಗಟ್ಟಿ ಮಾಡಿದ ಈ ಸಾರಕ್ಕೂ ಹೋಲಿಕೆ ಸಲ್ಲದು. ಬೆಲೆ ಬಂದಂತೆಯೇ ಇಳಿಯಿತು.

ಉಪ್ಪಾಗೆಯ ಗುಳಿಗೆ ಹಸಿವನ್ನು ಅಡಗಿಸಲಾರದೆ ಹೋಯಿತು. ಈಗಿನ ಚುಚ್ಚುಮದ್ದುಗಳು ಹಾಗಲ್ಲ. ಅವು ನಿಜವಾಗಿಯೂ ಅಡಗಿಸುತ್ತವೆ. ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೧೯೬೧ ಜನರನ್ನು ೬೮ ವಾರ ಗಮನಿಸಿದಾಗ, ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ನೂರಕ್ಕೆ ೧೪.೯ರಷ್ಟು ಇಳಿದಿತ್ತು, ಹುಸಿಮದ್ದು ಪಡೆದವರದು ೨.೪ರಷ್ಟು. ಬೊಜ್ಜಿನಿಂದಲೂ ಮಧುಮೇಹದಿಂದಲೂ ನರಳುವವರಿಗೆ ಇದು ದೊಡ್ಡ ಉಪಕಾರ. ಆದುದರಿಂದಲೇ ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕು. ಅದಕ್ಕೆ ಹೊನ್ನಾವರದ ಒಂದು ಹಳೆಯ ಊಟದ ವರ್ಣನೆ ನೆರವಾಗುತ್ತದೆ.

ಹದಿನಾಲ್ಕನೆಯ ಶತಮಾನದ ನಲವತ್ತರ ದಶಕದಲ್ಲಿ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದನು. ಅವನ ಬರವಣಿಗೆಯಲ್ಲಿ ಅದು 'ಹಿನೌರ್'. ಅಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಶಾಲೆಗಳಿದ್ದುವೆಂದು ಅವನು ಬರೆದದ್ದನ್ನು ನಮ್ಮ ಇತಿಹಾಸಕಾರರು ಮೇಲಿಂದ ಮೇಲೆ ಎತ್ತಿ ಹೇಳಿದ್ದಾರೆ. ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ಅಷ್ಟೇ ಎಚ್ಚರದಿಂದ ವರ್ಣಿಸಿರುವುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ತಾಮ್ರದ ತಟ್ಟೆಗೆ ಮೊದಲು ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಅದು ಮುಗಿದ ಮೇಲೆ ಇನ್ನೊಂದು ಸೌಟು ಅನ್ನದೊಡನೆ ಕೋಳಿ, ಆಮೇಲೆ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಲೆ. ಎಲ್ಲದರ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬಡಿಸುವುದೇನೂ ಉಳಿದಿಲ್ಲವೆಂದು ಉಣ್ಣುವವರಿಗೆ ತಿಳಿಯುತ್ತಿತ್ತು. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಅವರಿಗೆ ಒಗ್ಗದು. ರೊಟ್ಟಿಯ ಮುಖ ಕಾಣದೆ ಹನ್ನೊಂದು ತಿಂಗಳು ಈ ಸುಲ್ತಾನನಲ್ಲಿ ಅನ್ನವನ್ನೇ ಉಂಡೆನೆಂದು ಯಾತ್ರಿಕನು ಹೇಳಿಕೊಂಡಿದ್ದಾನೆ.

ಈ ಕೊನೆಯ ಮೊಸರನ್ನು ನೆನಪಿನಲ್ಲಿಡೋಣ. ಕನ್ನಡಿಗರ ಎಲೆಯಲ್ಲಿ ಇಂದಿಗೂ ಊಟ ಮುಗಿಯುವುದು ಮೊಸರಿನಿಂದ ಇಲ್ಲವೆ ಮಜ್ಜಿಗೆಯಿಂದ. ಅದು ರುಚಿಗಾಗಿ ಬಂದ ಪದಾರ್ಥ ಮಾತ್ರವಲ್ಲ, ಒಂದು ಸಂಜ್ಞೆ. 'ಉಂಡಾಯಿತು' ಎಂದು ಎಲೆ ನಮಗೆ ಹೇಳುವ ಬಗೆ.

ದೇಹದ ಒಳಗೂ ಇಂಥ ಸಂಜ್ಞೆಗಳಿವೆಯೆಂಬುದು ಇತ್ತೀಚಿನ ತಿಳಿವಳಿಕೆ. ೧೯೧೨ರಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ನನ ಶಿಷ್ಯ ವಾಶ್‌ಬರ್ನ್ ರಬ್ಬರಿನ ಬುಗ್ಗೆಯೊಂದನ್ನು ನುಂಗಿ ಕುಳಿತನು. ಹೊಟ್ಟೆ ಹಿಂಡಿಕೊಳ್ಳುವುದಕ್ಕೂ ಹಸಿವಿನ ಸಂಕಟಕ್ಕೂ ಹೊಂದಿಕೆಯಿರುವುದು ಆಗ ಗೊತ್ತಾಯಿತು. ಹಸಿವು ಹೊಟ್ಟೆಯಲ್ಲಿಯೇ ಇದೆಯೆಂದು ವಿದ್ವಾಂಸರು ಕೆಲಕಾಲ ನಂಬಿದರು. ಆದರೆ ಶಸ್ತ್ರಚಿಕಿತ್ಸೆಯಿಂದ ಜಠರವನ್ನು ತೆಗೆಸಿಕೊಂಡವರಿಗೂ ಹಸಿವಾಗುತ್ತಿತ್ತು. ೧೯೯೪ರಲ್ಲಿ ಮೈಕೊಬ್ಬಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಲೆಪ್ಟಿನ್, ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಾಂಗಾವಾ ಅವರಿಂದ ಜಠರದ ಗ್ರೆಲಿನ್ ಬೆಳಕಿಗೆ ಬಂದವು. ಗ್ರೆಲಿನ್ ಊಟಕ್ಕೆ ಕರೆಯುವ ಹಾರ್ಮೋನು. ರೂಢಿಯ ಊಟದ ಹೊತ್ತು ಹತ್ತಿರವಾದಂತೆ ಅದು ರಕ್ತದಲ್ಲಿ ಏರುತ್ತದೆ. ಉಂಡ ಮೇಲೆ ಕರುಳು ಹೊರಡಿಸುವ ಜಿಎಲ್‌ಪಿ-೧ ಎಂಬ ಹಾರ್ಮೋನು 'ಉಂಡಾಯಿತು' ಎಂಬ ವಾರ್ತೆಯನ್ನು ಮಿದುಳಿಗೆ ಒಯ್ಯುತ್ತದೆ. ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ಅದರ ಆಯುಷ್ಯ ಕೆಲವೇ ನಿಮಿಷ. ಅಮೆರಿಕದ ಮರುಭೂಮಿಯ ಹೀಲಾ ಎಂಬ ವಿಷದ ಹಲ್ಲಿಯಲ್ಲಿ ಇದನ್ನೇ ಹೋಲುವ, ಬೇಗ ನಾಶವಾಗದ ವಸ್ತುವೊಂದನ್ನು ಜಾನ್ ಎಂಗ್ ಎಂಬ ವೈದ್ಯರು ೧೯೯೨ರಲ್ಲಿ ಕಂಡುಹಿಡಿದರು. ಅದರಿಂದ ೨೦೦೫ರಲ್ಲಿ ಮಧುಮೇಹಕ್ಕೆ ಮೊದಲ ಮದ್ದು ಬಂತು. ಮುಂದೆ ಬಂದ ಸೆಮಾಗ್ಲುಟೈಡ್ ಒಮ್ಮೆ ಚುಚ್ಚಿದರೆ ವಾರವಿಡೀ ಮೈಯಲ್ಲಿ ನಿಲ್ಲುತ್ತದೆ.

ಹೊನ್ನಾವರದ ಸುಲ್ತಾನನ ಮನೆಯ ಮಾತಿನಲ್ಲಿ ಹೇಳುವುದಾದರೆ, ಕೊನೆಯಲ್ಲಿ ಬರಬೇಕಾದ ಮೊಸರು ಅನ್ನಕ್ಕಿಂತ ಮೊದಲೇ ಬಂದು, ಏಳು ದಿನವೂ ಎಲೆಯ ಮೇಲೆಯೇ ಇದ್ದಂತೆ. ಉಣ್ಣದವನಿಗೂ ಉಂಡ ಸುದ್ದಿ ಮುಟ್ಟುತ್ತಿರುತ್ತದೆ. ಬೊಜ್ಜಿನವರಿಗೆ ಬೇಕಾದದ್ದೂ ಅದೇ. ಆದರೆ ಸುದ್ದಿ ಬದಲಾಯಿತೆಂದು ದೇಹದ ಅಗತ್ಯವೆಲ್ಲ ಬದಲಾಗುವುದಿಲ್ಲ. ಕೊಬ್ಬಿನ ಜತೆಗೆ ಸ್ನಾಯುವೂ ಕರಗುತ್ತದೆ. ನೀರು ಸಾಲದೆ ಹೋಗುತ್ತದೆ. ಹೊಟ್ಟೆ ಸುಮ್ಮನಿರುವಾಗ ಹಸಿವನ್ನು ತಿಳಿಸುವ ಬೇರೆ ಸಾಕ್ಷಿಗಳು ಬೇಕು.

ಅಂಥ ಮೊದಲ ಸಾಕ್ಷಿ ಇಡಿಯ ಶರೀರ. ನಮ್ಮ ಪ್ರಾಚೀನ ವೈದ್ಯರು ತಡೆಯಬಾರದ ವೇಗಗಳಲ್ಲಿ ಹಸಿವನ್ನೂ ಎಣಿಸಿದರು. ಅದನ್ನು ತಡೆದವನಲ್ಲಿ ಕಾಣುವ ಲಕ್ಷಣಗಳನ್ನು ಚರಕ ಸಂಹಿತೆ ಪಟ್ಟಿ ಮಾಡಿದೆ: ಮೈ ಬಡವಾಗುವುದು, ಬಲಗುಂದುವುದು, ಬಣ್ಣಗೆಡುವುದು, ಮೈಕೈ ನೋವು, ಅರುಚಿ, ತಲೆಸುತ್ತು. ವಾಗ್ಭಟನು ಗ್ಲಾನಿಯನ್ನೂ ಶೂಲೆಯನ್ನೂ ಸೇರಿಸಿದನು. ಈ ಪಟ್ಟಿಯಲ್ಲಿ ಹೊಟ್ಟೆಯ ಗುಡುಗುಡು ಸದ್ದಿನ ಪ್ರಸ್ತಾಪವೇ ಇಲ್ಲದಿರುವುದು ಅರ್ಥಪೂರ್ಣ. ಅದಕ್ಕಿಂತ ಅರ್ಥಪೂರ್ಣವಾದದ್ದು 'ಅರುಚಿ'. ಅನ್ನ ಬೇಡವೆನ್ನಿಸುವುದು ಕೂಡ ಬಹಳ ಹೊತ್ತು ಉಣ್ಣದಿದ್ದುದರ ಚಿಹ್ನೆಯಾಗಬಹುದು! ಇದಕ್ಕೆ ಅವರು ಹೇಳಿದ ಚಿಕಿತ್ಸೆ ಜಿಡ್ಡುಳ್ಳ, ಬಿಸಿಯಾದ, ಹಗುರವಾದ ಆಹಾರ. ೧೯೪೪-೪೫ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ೩೬ ಜನ ಸ್ವಯಂಸೇವಕರು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದಾಗ ಕಂಡದ್ದೂ ಇಂಥದೇ: ನಿತ್ರಾಣ, ಚಳಿ, ಸಿಡುಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು.

ಎರಡನೆಯ ಸಾಕ್ಷಿ ಅಳತೆ. ಭಟ್ಕಳದ ಬಳಿಯ ಹಾಡುವಳ್ಳಿಯೂ ಹೊನ್ನಾವರದ ಬಳಿಯ ಗೇರುಸೊಪ್ಪೆಯೂ ಒಂದು ಕಾಲಕ್ಕೆ ಜೈನರ ಹಿರಿಯ ನೆಲೆಗಳು. ೧೬೦೪ರಲ್ಲಿ ಕರ್ನಾಟಕ ಶಬ್ದಾನುಶಾಸನವನ್ನು ಬರೆದ ಭಟ್ಟಾಕಳಂಕನು ಹಾಡುವಳ್ಳಿಯ ಮಠದವನು. ಜೈನರ ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯ ಅಥವಾ ಊನೋದರವೆಂಬುದೊಂದಿದೆ. ಹೊಟ್ಟೆಯನ್ನು ಬೇಕೆಂದೇ ಸ್ವಲ್ಪ ಬರಿದಾಗಿಡುವುದು. ಅದಕ್ಕೆ ಲೆಕ್ಕವುಂಟು. ಗಂಡಸಿನ ಪೂರ್ಣಾಹಾರ ೩೨ ತುತ್ತು, ಹೆಂಗಸಿನದು ೨೮. ಕಡಿಮೆ ಮಾಡುವುದು ಆ ಎಣಿಕೆಯಿಂದ. ತುಂಬು ಊಟ ಎಷ್ಟೆಂಬುದು ಗೊತ್ತಿದ್ದವನಿಗೆ ಮಾತ್ರ ಕಡಿಮೆ ಉಣ್ಣುವುದು ವ್ರತವಾಗುತ್ತದೆ. ಗೊತ್ತಿಲ್ಲದವನಿಗೆ ಅದು ಬರಿಯ ಉಪವಾಸ.

ಮೂರನೆಯ ಸಾಕ್ಷಿ ಹೊತ್ತು. ಭಟ್ಕಳದ ನವಾಯತರ ಮನೆಗಳಲ್ಲಿ ರಂಜಾನಿನ ತಿಂಗಳು ಬೆಳಗಿನ ಜಾವದ ಸಹರಿಗೆ ಹಸಿವಾಗಿದೆಯೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಿದ್ದೆಗಣ್ಣಿನವರನ್ನು ಎಬ್ಬಿಸಿ ಉಣ್ಣಿಸುತ್ತಾರೆ. ಹೊತ್ತು ಬಂದಿದೆ, ಉಣ್ಣಬೇಕು. ಕುಮಟಾ ಹೊನ್ನಾವರಗಳಲ್ಲಿ ಏಕಾದಶಿ ಮಾಡುವವರಿಗೂ ದ್ವಾದಶಿಯ ಪಾರಣೆಗೆ ಗೊತ್ತಾದ ವೇಳೆಯಿದೆ. ಹಸಿವು ಸತ್ತಿದೆಯೆಂದು ಅದನ್ನು ತಪ್ಪಿಸುವಂತಿಲ್ಲ. ಉಪವಾಸವನ್ನು ಕಲಿಸಿದ ಧರ್ಮಗಳೆಲ್ಲ ಉಪವಾಸ ಮುರಿಯುವ ಹೊತ್ತನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಿದವು.

ಶರೀರ, ಅಳತೆ, ಹೊತ್ತು, ಈ ಮೂರು ಸಾಕ್ಷಿಗಳನ್ನು ಇಂದಿನ ವೈದ್ಯರು ಹೇಳುವ ಮಾತಿನೊಡನೆ ಇಟ್ಟು ನೋಡಿದರೆ ಅಚ್ಚರಿಯಾಗುವಷ್ಟು ಹೊಂದಿಕೆಯಿದೆ. ಇಂಥ ಮದ್ದಿನಲ್ಲಿರುವವರು ಹಸಿವಿಗಾಗಿ ಕಾಯದೆ, ಗೊತ್ತಾದ ವೇಳೆಗೆ ಸ್ವಲ್ಪಸ್ವಲ್ಪವಾಗಿ ಉಣ್ಣಬೇಕು. ಮಧ್ಯಾಹ್ನ ಕಾರಣವಿಲ್ಲದೆ ಸಿಡುಕು ಬಂದರೆ, ಓದಿದ್ದು ತಲೆಗೆ ಹತ್ತದಿದ್ದರೆ, ತಲೆ ನೋಯ್ದರೆ, ಕೊನೆಯ ಊಟ ಯಾವಾಗ ಆಯಿತೆಂದು ಲೆಕ್ಕ ಹಾಕಿಕೊಳ್ಳಬೇಕು. ಹೊಟ್ಟೆ ತೊಳಸುವುದು ಮದ್ದಿನಿಂದಲೂ ಆದೀತು, ಬರಿಹೊಟ್ಟೆಯಿಂದಲೂ ಆದೀತು. ಅದನ್ನು ತೀರ್ಮಾನಿಸಲು ನೆರವಾಗುವುದು ಗಡಿಯಾರ. ತಿನ್ನುವುದು ಕಡಿಮೆಯಾದಷ್ಟೂ ಅದರ ಸತ್ತ್ವ ಹೆಚ್ಚಬೇಕು. ಬರಿಯ ಗಂಜಿ ಸಾಲದು, ಜತೆಗೆ ಮೀ‌ನೋ ಮೊಟ್ಟೆಯೋ ಹೆಸರುಕಾಳೋ ಮೊಸರೋ ಇರಬೇಕು. ಬಾಯಾರದಿದ್ದರೂ ನೀರು ಕುಡಿಯಬೇಕು. ಇನ್ಸುಲಿನ್ ಮೊದಲಾದ ಮಧುಮೇಹದ ಮದ್ದನ್ನೂ ಜತೆಗೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಎದೆಬಡಿತ ಕಂಡರೆ ರಕ್ತದಲ್ಲಿ ಸಕ್ಕರೆ ಇಳಿದಿರುವ ಸಂಭವವುಂಟು. ಆಗ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು, ವೈದ್ಯರಿಗೆ ತಿಳಿಸಬೇಕು. ಅಂಥವರು ವ್ರತ, ರೋಜಾಗಳಿಗೆ ಮುನ್ನ ವೈದ್ಯರ ಸಲಹೆ ಪಡೆಯುವುದು ಅಗತ್ಯ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ಬಿಡದೆ ನೋಯುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ಸೆಮಾಗ್ಲುಟೈಡನ್ನು ನಿಲ್ಲಿಸಿದವರು ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲನ್ನು ಒಂದು ವರ್ಷದಲ್ಲಿ ಮರಳಿ ಪಡೆದರೆಂದು ೨೦೨೨ರ ವರದಿಯೊಂದು ತಿಳಿಸಿತು. ಅಡಗಿದ ಹಸಿವು ಹಿಂದಿರುಗುತ್ತದೆ. ಅದು ಹಿಂದಿರುಗಿದ ದಿನ ಅದರ ಗುರುತು ಹಿಡಿಯಬಲ್ಲವನು ಬಾಯಿಚಪಲವನ್ನು ಒಂದು ಬದಿಗೆ, ಹಸಿವನ್ನು ಇನ್ನೊಂದು ಬದಿಗೆ ಕೂರಿಸಿಯಾನು. ಗುರುತು ಮರೆತವನಿಗೆ ಎರಡೂ ಒಂದೇ ದನಿಯಲ್ಲಿ ಕರೆದಂತೆ ತೋರುತ್ತದೆ. ಮದ್ದಿನಿಂದ ದೊರೆತ ಬಿಡುವಿನಲ್ಲಿ ಈ ಗುರುತನ್ನು ಕಲಿತುಕೊಳ್ಳುವುದು ಆದುದರಿಂದ ತೂಕ ಇಳಿಸುವಷ್ಟೇ ಮುಖ್ಯವಾದ ಕೆಲಸ.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆ. ಗಾದೆಯನ್ನು ಕಟ್ಟಿದವರು ಊಟ ಬಿಟ್ಟವನಿಗೆ ರೋಗವಿಲ್ಲವೆಂದು ಹೇಳಲಿಲ್ಲ, 'ಬಲ್ಲವನಿಗೆ' ಎಂದರು. ಮಳೆಗಾಲದ ಬರಿಗೈಯ ದಿನಗಳಲ್ಲಿ ಉಪ್ಪಾಗೆ ಆಯುತ್ತ ಹಸಿವನ್ನು ಹತ್ತಿರದಿಂದ ಕಂಡ ಈ ಕರಾವಳಿಯ ಜನ, ಅದನ್ನು ಶತ್ರುವೆಂದು ಎಣಿಸದೆ ದೇಹದ ದೂತನೆಂದು ಎಣಿಸಿದರು. ದೂತನ ದನಿ ಇಂದು ತಗ್ಗಿರಬಹುದು. ಅವನು ತಂದ ಓಲೆ ಇನ್ನೂ ಅವನ ಕೈಯಲ್ಲಿಯೇ ಇದೆ. ಅದನ್ನು ಇಸಿದುಕೊಂಡು ಓದುವ ಹೊಣೆ ನಮ್ಮದು.